ಹೊಲಿಗೆ ಯಂತ್ರಕ್ಕೆ ಒತ್ತಬೇಡಿ

ನನ್ನ ದನಿ ಗೊತ್ತಿಲ್ಲದವರು ವಿಜಯನಗರದಲ್ಲಿ ಇದ್ದರೆ ಅವರು ತೀರ ಈಚೆಗೆ ಬಂದವರು ಎಂದೇ ನನ್ನ ಲೆಕ್ಕ. ನಾಳೆ ಕಾವೇರಿ ನೀರು ಬರುವುದಿಲ್ಲ ಎಂದು ಹೇಳಿದ್ದು ನಾನು. ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿ ಎಂದು ಬೀದಿ ಬೀದಿ ಸುತ್ತಿದ್ದು ನಾನು. ಆಷಾಢದಲ್ಲಿ ಸೀರೆಗಳ ಮೇಲೆ ಭಾರಿ ರಿಯಾಯಿತಿ ಎಂದು ಆಸೆ ಹುಟ್ಟಿಸಿ ಎಷ್ಟೋ ಗಂಡಸರ ಶಾಪ ಕಟ್ಟಿಕೊಂಡವಳೂ ನಾನೇ. ಮುಖ ನೋಡಿದರೆ ಯಾರಿಗೂ ಗುರುತು ಸಿಗುವುದಿಲ್ಲ. ತರಕಾರಿ ಅಂಗಡಿಯ ಮುಂದೆ ನಿಂತು ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಕೇಳಿದರೆ ಸಾಕು, ಪಕ್ಕದಲ್ಲಿ ಇರುವವರು ತಿರುಗಿ, "ನೀವು ಆಟೋದಲ್ಲಿ ಮಾತಾಡೋರಲ್ವಾ?" ಎನ್ನುತ್ತಾರೆ. ಈಗಲೂ ಅನ್ನುತ್ತಾರೆ. ಅದನ್ನು ಕೇಳಿದ ದಿನ ನನಗೆ ಊಟ ಒಂದು ತುತ್ತು ಜಾಸ್ತಿಯೇ ಸೇರುತ್ತದೆ, ಸುಳ್ಳು ಯಾಕೆ ಹೇಳಲಿ.

ನನ್ನ ಹೆಸರು ಸುಶೀಲ. ಮಾಗಡಿ ರಸ್ತೆಯಲ್ಲಿ ನಮ್ಮ ಅಣ್ಣ ರಂಗಣ್ಣನ ಸೌಂಡ್ ಸಿಸ್ಟಮ್ ಅಂಗಡಿ ಇತ್ತು. ಮೈಕು, ಹಾರ್ನು, ಆಂಪ್ಲಿಫೈಯರ್ ಎಲ್ಲ ಅವನದು, ಬಾಯಿ ಮಾತ್ರ ನನ್ನದು. ಈ ಕೆಲಸಕ್ಕೆ ಯಾರೂ ನಿವೃತ್ತಿ ಕೊಡುವುದಿಲ್ಲ, ನಾವೇ ತೆಗೆದುಕೊಳ್ಳಬೇಕು. ನಾನು ತೆಗೆದುಕೊಂಡು ಶ್ರೀಗಂಧದ ಕಾವಲ್‌ನ ಮನೆಯಲ್ಲಿ ಕೂತಿದ್ದೇನೆ. ಈಗ ಮೈಕು ಹಿಡಿಯುತ್ತಿರುವ ಹುಡುಗಿಯರು ಆಗಾಗ ಬಂದು, "ಆಂಟಿ, ವಾಯ್ಸ್ ಹೆಂಗ್ ಮೇಂಟೇನ್ ಮಾಡಿದ್ರಿ?" ಎಂದು ಕೇಳುತ್ತಾರೆ. ಬಿಸಿನೀರು ಕುಡಿಯಿರಿ, ಹಾಳುಮೂಳು ಐಸ್‌ಕ್ರೀಮು ತಿನ್ನಬೇಡಿ. ಗಂಟಲಿನ ವಿಷಯ ಇಷ್ಟೇ. ಉಳಿದ ಕೆಲಸ ಗಂಟಲಿನದಲ್ಲ, ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ರಂಗಣ್ಣ ಅಣ್ಣನಾದರೂ ಕೆಲಸದಲ್ಲಿ ಮೇಲಧಿಕಾರಿಯೇ. ಮೊದಲ ದಿನ ನನ್ನ ಕೈಗೆ ಮೈಕು ಕೊಡುವ ಮುಂಚೆ ಹೇಳಿದ ಮಾತು ಇದು: "ಯಾವ ಮಾತನ್ನೇ ಆಗಲಿ ಮೂರ್ ಸಲ ಹೇಳು. ಮೊದಲ್ನೇ ಸಲ ಜನಕ್ಕೆ ಬರೀ ಸದ್ದು ಕೇಳ್ಸತ್ತೆ. ಎರಡ್ನೇ ಸಲ ತಿರುಗಿ ನೋಡ್ತಾರೆ. ಮೂರ್ನೇ ಸಲ ಅರ್ಥ ಆಗತ್ತೆ. ಮೂರ್ ಸಲ ಹೇಳಕ್ಕೆ ನಿಂಗೇ ನಾಚ್ಕೆ ಆಗೋ ಅಂಥ ಮಾತಿದ್ರೆ, ಒಂದ್ ಸಲಾನೂ ಹೇಳ್ಬೇಡ."

ಹೇಳಿದ ಮಾತುಗಳ ನಡುವೆ ಬಿಡುವು ಕೊಡುವುದನ್ನು ಕಲಿಸಿದವನೂ ಅವನೇ. ಹಾರ್ನಿನ ದನಿ ಎದುರು ಮನೆಯ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅದು ಬಂದು ಮುಗಿಯುವ ಮುಂಚೆ ಮುಂದಿನ ಮಾತು ಶುರು ಮಾಡಿದರೆ ಎರಡೂ ಕಲಸುಮೇಲೋಗರ. ಒಂದು ವಾಕ್ಯ ಹೇಳಬೇಕು, ಸುಮ್ಮನಿರಬೇಕು, ಗೋಡೆ ಹೇಳಿ ಮುಗಿಸಲಿ ಎಂದು ಕಾಯಬೇಕು, ಆಮೇಲೆ ಮುಂದಿನದು. ಶಾಲೆಯ ಮುಂದೆ, ಆಸ್ಪತ್ರೆಯ ಮುಂದೆ ಮೈಕು ಬಂದ್. ಬೀದಿಯಲ್ಲಿ ಯಾರದಾದರೂ ಮನೆ ಮುಂದೆ ಚಟ್ಟ ಕಟ್ಟುತ್ತಿದ್ದರೆ ಆಟೋ ಹಿಂದಕ್ಕೇ ತಿರುಗಿಸಬೇಕು, ಯಾವ ಮಂತ್ರಿಯ ಸಭೆ ಇದ್ದರೂ ಸರಿ.

ಒಂದು ಎಡವಟ್ಟಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಒಂದು ಸಲ ಹೆಗ್ಗನಹಳ್ಳಿಯಲ್ಲಿ ಮಾರನೆಯ ದಿನ ನೀರು ಬರುವುದಿಲ್ಲ ಎಂದು ಸಾರುವ ಕೆಲಸ ಬಂತು. ರಂಗಣ್ಣ ಮಾಗಡಿ ರಸ್ತೆಯಲ್ಲಿ ಬಲಕ್ಕೆ ತಿರುಗಿಸಬೇಕಾದ ಆಟೋವನ್ನು ಎಡಕ್ಕೆ ತಿರುಗಿಸಿದ. ಯಾರ ಹತ್ತಿರವೋ ಹಾರ್ನಿನ ಬೆಲೆ ಚೌಕಾಸಿ ಮಾಡುತ್ತ ಫೋನಿನಲ್ಲಿದ್ದ. ನಾನು ನನ್ನ ದನಿಯ ಗುಂಗಿನಲ್ಲಿದ್ದೆ. ಸಂಬಂಧವೇ ಇಲ್ಲದ ಬಡಾವಣೆಗೆಲ್ಲ ನೀರಿಲ್ಲ ಎಂದು ಸಾರಿ ಬಂದೆವು. ಜನ ಡ್ರಮ್ಮು, ಬಕೆಟ್ಟು, ಹಂಡೆ, ಕೊಡಪಾನ ಎಲ್ಲ ತುಂಬಿಸಿಟ್ಟರು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಎಂದಿನಂತೆ ಜೋರಾಗಿ ಬಂತು, ಹಿಡಿಯಲು ಪಾತ್ರೆ ಇಲ್ಲ. ಅತ್ತ ಹೆಗ್ಗನಹಳ್ಳಿಯವರ ನಲ್ಲಿ ಒಣಗಿತ್ತು. ಎರಡು ಕಡೆಯವರೂ ಅಂಗಡಿಗೆ ಬಂದರು. ಒಬ್ಬ ಹೆಂಗಸಂತೂ, "ಕುಕ್ಕರಲ್ಲೂ ನೀರ್ ತುಂಬಿಸ್ಕೊಂಡ್ ಕೂತಿದೀನಿ ಕಣಮ್ಮ, ಅನ್ನಕ್ಕೆ ಎಲ್ಲಿ ಇಡ್ಲಿ?" ಎಂದು ನನ್ನ ನೀರಿಳಿಸಿದಳು.

ರಂಗಣ್ಣ ಆಟೋ ಹೊರಡಿಸಿದ. ಅದೇ ತಪ್ಪು ಬೀದಿಗಳಿಗೆ ಹೋಗಿ, ಅದೇ ದನಿಯಲ್ಲಿ, ನಿನ್ನೆ ಹೇಳಿದ್ದು ತಪ್ಪು ಎಂದು ಮೂರು ಮೂರು ಸಲ ಹೇಳಿಸಿದ. "ಹೇಳಿದ ಬಾಯಲ್ಲೇ ತಿದ್ಬೇಕು. ಬೇರೆಯೋರು ತಿದ್ದಿದ್ರೆ ಜನ ನಂಬಲ್ಲ," ಎಂದ. ಆಗ ಕಲಿತ ಆ ಪಾಠ ಮುಂದೆ ನನ್ನ ಇಡೀ ಕಸುಬಿನಲ್ಲೇ ದೊಡ್ಡ ಕೆಲಸಕ್ಕೆ ಬಂತು. ಆ ದೊಡ್ಡ ಕೆಲಸ ಯಾವುದೆಂದರೆ ನಮ್ಮ ಮಾರುಕಟ್ಟೆ ಬೀದಿಯ ವರ್ತಕರ ಸಂಘದ ಅಧ್ಯಕ್ಷ ಚುನಾವಣೆ.

ಅದು ವಿಜಯನಗರಕ್ಕೆ ಮೆಟ್ರೋ ಬಂದ ಮೇಲಿನ ಕಾಲ. ಸಂಘಕ್ಕೆ ಸ್ವಂತ ಕಟ್ಟಡವಿತ್ತು. ಅದರ ನೆಲಮಹಡಿಯಲ್ಲಿ ಬಳೆ, ಹೂವು, ಉಪ್ಪಿನಕಾಯಿ, ಬೀಗದ ಕೈ ಮಾಡುವವರು, ಟೈಲರುಗಳು ಹೀಗೆ ಕೈ ಚಾಚಿದರೆ ಗೋಡೆ ಸಿಗುವಂಥ ಪುಟ್ಟ ಮಳಿಗೆಗಳ ಸಾಲು. ಅಧ್ಯಕ್ಷರಾಗಿದ್ದ ಕೆಂಪರಾಜು ಆ ಮಳಿಗೆಗಳನ್ನೆಲ್ಲ ಎಬ್ಬಿಸಿ ಇಡೀ ನೆಲಮಹಡಿಯನ್ನು ಒಂದು ಸೂಪರ್ ಮಾರ್ಕೆಟ್ಟಿಗೆ ಬಾಡಿಗೆಗೆ ಕೊಡಲು ಹೊರಟಿದ್ದರು. ಚುನಾವಣೆ ಮುಗಿದು ಹೊಸ ಅಧ್ಯಕ್ಷರ ಸಹಿ ಬಿದ್ದರೆ ಮಳಿಗೆ ಖಾಲಿ. ಅದನ್ನು ತಡೆಯುತ್ತೇನೆಂದು ಎದುರು ನಿಂತವರು ಹಾರ್ಡ್‌ವೇರ್ ಅಂಗಡಿಯ ಚಂದ್ರಶೇಖರಯ್ಯ. ಅವರ ಕಡೆಯ ಪ್ರಚಾರ ನಮ್ಮ ಪಾಲಿಗೆ ಬಂತು.

ಚುನಾವಣೆಗಳಲ್ಲಿ ಡಮ್ಮಿ ಎಂದು ಒಬ್ಬರನ್ನು ಹಾಕುತ್ತಾರೆ. ಅಸಲಿ ಅಭ್ಯರ್ಥಿಯ ನಾಮಪತ್ರ ಏನಾದರೂ ತಿರಸ್ಕಾರವಾದರೆ ಕೈಯಲ್ಲಿರಲಿ ಎಂದು ಅದೇ ಕಡೆಯ ಇನ್ನೊಬ್ಬರಿಂದಲೂ ನಾಮಪತ್ರ ಹಾಕಿಸುತ್ತಾರೆ. ಅಸಲಿಯದು ಅಂಗೀಕಾರವಾದ ಮೇಲೆ ಡಮ್ಮಿ ವಾಪಸ್ ತೆಗೆದುಕೊಳ್ಳುವುದು ಪದ್ಧತಿ. ಚಂದ್ರಶೇಖರಯ್ಯನವರಿಗೆ ಡಮ್ಮಿಯಾಗಿ ಸಿಕ್ಕವರು ನೆಲಮಹಡಿಯ ಟೈಲರ್ ಸರೋಜಮ್ಮ. ಗಂಡ ಇಲ್ಲ, ಆ ಮಳಿಗೆಯೇ ಜೀವನ. ಎದುರು ಮಾತಾಡುವವರಲ್ಲ, ನಾಳೆ ನಾನೇ ನಿಲ್ಲುತ್ತೇನೆ ಎಂದು ಹಟ ಹಿಡಿಯುವವರಲ್ಲ. ಅದಕ್ಕೇ ಅವರನ್ನು ಆರಿಸಿದ್ದು.

ವಾಪಸ್ ತೆಗೆದುಕೊಳ್ಳಲು ಕಡೆಯ ದಿನ ಗುರುವಾರ, ಮಧ್ಯಾಹ್ನ ಮೂರು ಗಂಟೆವರೆಗೆ. ಸರೋಜಮ್ಮ ಊಟ ಮುಗಿಸಿ ವಾಪಸಾತಿ ಚೀಟಿ ಹಿಡಿದು ಚುನಾವಣಾಧಿಕಾರಿಯ ಕಚೇರಿಗೆ ಹೊರಟರು. ಬಾಗಿಲಲ್ಲೇ ಚಂದ್ರಶೇಖರಯ್ಯ ತಡೆದರು. ಅವರು ರಾಹುಕಾಲ ನೋಡದೆ ಅಂಗಡಿಯ ಶಟರೂ ಎತ್ತುವವರಲ್ಲ.

"ಈಗ ರಾಹುಕಾಲ ಸರೋಜಮ್ಮ. ಮುಗೀಲಿ. ನನ್ ಹೆಸ್ರಿನ ಕೆಲ್ಸ, ಒಳ್ಳೆ ಟೈಮಲ್ಲೇ ಆಗ್ಬೇಕು."

ಗುರುವಾರ ರಾಹುಕಾಲ ಮುಗಿಯುವುದೂ ಮೂರಕ್ಕೇ. ಇಡೀ ತಂಡ ಬಾಗಿಲಲ್ಲಿ ನಿಂತು ಕಬ್ಬಿನ ಹಾಲು ಕುಡಿಯುತ್ತ ಕಾಯಿತು. ರಾಹು ಹೋದ ಎಂದು ಖಾತ್ರಿಯಾದ ಮೇಲೆ ಒಳಗೆ ಹೋದರೆ ಚುನಾವಣಾಧಿಕಾರಿ ಕಡತ ಕಟ್ಟಿ ಎದ್ದಿದ್ದರು. "ಟೈಮ್ ಆಯ್ತಲ್ಲ ಸ್ವಾಮಿ," ಎಂದರು. ಹಾಗಾಗಿ ಸರೋಜಮ್ಮನ ಹೆಸರು ಮತಪತ್ರದಲ್ಲಿ ಉಳಿಯಿತು. ಕೆಂಪರಾಜುಗೆ ತಕ್ಕಡಿ ಗುರುತು, ಚಂದ್ರಶೇಖರಯ್ಯನವರಿಗೆ ಕೊಡೆ. ಸರೋಜಮ್ಮ ಯಾವುದನ್ನೂ ಕೇಳಿರಲಿಲ್ಲ, ಅಧಿಕಾರಿಯೇ ಹೊಲಿಗೆ ಯಂತ್ರ ಕೊಟ್ಟರು.

ನಕ್ಕು ನಕ್ಕು ಸಾಕಾದ ಮೇಲೆ ಎಲ್ಲರಿಗೂ ಭಯವಾಯಿತು. ಮಳಿಗೆಯವರೆಲ್ಲ ಅಭಿಮಾನಕ್ಕೆ ಬಿದ್ದು ಸರೋಜಮ್ಮನಿಗೇ ಒತ್ತಿಬಿಟ್ಟರೆ ಮತ ಒಡೆದು ಕೆಂಪರಾಜು ಸಲೀಸಾಗಿ ಗೆಲ್ಲುತ್ತಾರೆ. ಸರೋಜಮ್ಮ ಪಾಪ, ಮಿಷನ್ನು ಮುಚ್ಚಿಟ್ಟು ಅಂಗಡಿ ಅಂಗಡಿ ಹತ್ತಿ ಇಳಿದರು. "ನನ್ ಗುರ್ತು ಹೊಲಿಗೆ ಮಿಷನ್ನು ಅಣ್ಣ. ದಯವಿಟ್ಟು ಅದಕ್ ಮಾತ್ರ ಒತ್ಬೇಡಿ." ಅಭ್ಯರ್ಥಿಯೊಬ್ಬರು ಅಂಗಡಿ ಬಾಗಿಲಿಗೆ ಬಂದು ತನಗೆ ವೋಟು ಬೇಡ ಎಂದು ಕೈ ಮುಗಿಯುವುದನ್ನು ಜನ ಹುಟ್ಟಿದಾರಭ್ಯ ಕಂಡಿರಲಿಲ್ಲ. ಕುರ್ಚಿ ಹಾಕಿ ಕೂರಿಸಿದರು, ಕಾಫಿ ಕೊಟ್ಟರು. ಕೆಲವರು, "ಯಾಕಮ್ಮ ಒತ್ಬಾರ್ದು, ನೀವೇನ್ ಕಡ್ಮೇನಾ?" ಎಂದೂ ಕೇಳಿದರು. ಸರೋಜಮ್ಮ ನಾಚಿಕೊಂಡು ಮುಂದಿನ ಅಂಗಡಿಗೆ ಹೋದರು.

ನನ್ನ ಕೆಲಸವೂ ಅದೇ ಆಯಿತು. ಅಷ್ಟು ಹೊತ್ತಿಗೆ ಪೆನ್‌ಡ್ರೈವ್ ಬಂದಿತ್ತು. ಒಂದು ಸಲ ಹೇಳಿ ರೆಕಾರ್ಡ್ ಮಾಡಿಕೊಟ್ಟರೆ ಹಲವು ಆಟೋಗಳಲ್ಲಿ ಅದೇ ದನಿ ದಿನವಿಡೀ ಸುತ್ತುತ್ತದೆ. ನನಗೆ ಅದು ಮೊದಲಿಂದಲೂ ಅಷ್ಟಕ್ಕಷ್ಟೆ. ಪೆನ್‌ಡ್ರೈವಿಗೆ ಕಣ್ಣಿಲ್ಲ, ಸಾವಿನ ಮನೆ ಮುಂದೆಯೂ ಅರಚುತ್ತದೆ. ಆದರೂ ಕಾಲಕ್ಕೆ ತಕ್ಕಂತೆ ಇರಬೇಕಲ್ಲ, ಮಾಡಿಕೊಟ್ಟೆ. ಬಿಡುವು ಕೊಟ್ಟು ಕೊಟ್ಟು, ಅಚ್ಚುಕಟ್ಟಾಗಿ: "ವರ್ತಕ ಬಾಂಧವರೇ, ಮತದ ಗುರುತು ಕೊಡೆ. ಹೊಲಿಗೆ ಯಂತ್ರಕ್ಕೆ ಒತ್ತಬೇಡಿ. ಕೊಡೆಗೇ ಒತ್ತಿ." ಮಾರುಕಟ್ಟೆಯ ಮಕ್ಕಳು ಕೂಡ ಆಟದಲ್ಲಿ ಹೊಲಿಗೆ ಯಂತ್ರಕ್ಕೆ ಒತ್ತಬೇಡಿ ಎಂದು ಹಾಡುತ್ತಿದ್ದವು.

ಮತದಾನ ಭಾನುವಾರ. ಅದಕ್ಕೆ ಮುಂಚಿನ ಮಂಗಳವಾರ ಸಂಜೆ ಸಂಘದ ಕಟ್ಟಡದ ಮುಂದೆ ನಮ್ಮ ಕಡೆಯ ದೊಡ್ಡ ಸಭೆ. ನಾನೇ ನಿರೂಪಣೆ. ಅಭ್ಯರ್ಥಿಯನ್ನು ಕರೆಯುವಾಗ ನಾನು ಸುಮ್ಮನೆ ಕರೆಯುವವಳಲ್ಲ. "ಮಳಿಗೆಗಳ ರಕ್ಷಕರು, ಕೊಟ್ಟ ಮಾತಿಗೆ ತಪ್ಪದವರು, ಶ್ರೀಯುತ ಚಂದ್ರಶೇಖರಯ್ಯನವರು" ಎಂದು ಮೂರು ಸಲ ಹೇಳಿ ಮೈಕು ಕೊಟ್ಟೆ. ಚಪ್ಪಾಳೆ ನಿಲ್ಲುವುದನ್ನು ಕಾದು ಅವರು ಹೇಳಿದರು:

"ಬಂಧುಗಳೇ, ಸಂಘ ಒಡೀಬಾರ್ದು ಅನ್ನೋದು ನನ್ ಆಸೆ. ಕೆಂಪರಾಜಣ್ಣನೂ ನಾನೂ ಕೂತ್ಕೊಂಡು ಮಾತಾಡಿದೀವಿ. ನಾನು ಕಣದಿಂದ ಹಿಂದಕ್ಕೆ ಸರೀತಾ ಇದೀನಿ. ಕೊಡೆಗೆ ಹಾಕೋ ವೋಟನ್ನ ತಕ್ಕಡಿಗೇ ಹಾಕಿ."

ಒಳಗೆ ಏನು ಒಪ್ಪಂದವಾಗಿತ್ತೋ ನನಗೆ ಗೊತ್ತಿಲ್ಲ. ಜನ ಆಮೇಲೆ ಏನೇನೋ ಆಡಿಕೊಂಡರು. ಆಡಿಕೊಂಡದ್ದನ್ನೆಲ್ಲ ನಾನು ಮೈಕಿನಲ್ಲಿ ಹೇಳಿದವಳಲ್ಲ, ಇಲ್ಲೂ ಬರೆಯುವುದಿಲ್ಲ. ಕೊಟ್ಟ ಮಾತಿಗೆ ತಪ್ಪದವರು ಎಂದು ಆಗತಾನೆ ಮೂರು ಸಲ ಹೇಳಿದ್ದ ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಅವರು ಮೈಕನ್ನು ನನ್ನ ಕೈಗಿಟ್ಟು, "ವಂದನಾರ್ಪಣೆ ಮಾಡಿ ಮುಗಿಸ್ಬಿಡಮ್ಮ," ಎಂದು ಪಿಸುಗುಟ್ಟಿದರು.

ಮುಂದಿನ ಸಾಲಿನಲ್ಲಿ ಹೂವಿನ ಮಳಿಗೆಯ ಗಂಗಮ್ಮ ಕೂತಿದ್ದರು. ಅವರು ಎದ್ದು ನಿಂತು, "ಅಲ್ಲಾ, ನಮ್ ಹೊಲಿಗೆ ಮಿಷನ್ನು ಇನ್ನೂ ಇದ್ಯಲ್ಲಾ!" ಎಂದರು. ಅಭ್ಯಾಸಬಲದಿಂದ ಜನ ನಕ್ಕರು. ನಗು ಅರ್ಧಕ್ಕೇ ನಿಂತಿತು. ಎಲ್ಲರ ಕುತ್ತಿಗೆಯೂ ಹಿಂದಕ್ಕೆ ತಿರುಗಿತು. ಕಡೆಯ ಸಾಲಿನಲ್ಲಿ ಸರೋಜಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಕೂತಿದ್ದರು.

ನಿರೂಪಕಿಯಾದವಳು ಸ್ವಂತ ಅಭಿಪ್ರಾಯ ಹೇಳಬಾರದು. ನಾನು ಹೇಳಲಿಲ್ಲ. ಮೈಕು ಹಿಡಿದು ವೇದಿಕೆ ಇಳಿದೆ. ನಮ್ಮದು ವಯರಿನ ಮೈಕು, ಕಾರ್ಡ್‌ಲೆಸ್ ಕೊರಕೊರ ಎನ್ನುತ್ತದೆಂದು ರಂಗಣ್ಣ ಅದನ್ನು ಮುಟ್ಟುತ್ತಿರಲಿಲ್ಲ. ನಾನು ಜನರ ನಡುವೆ ನಡೆದ ಹಾಗೆ ಅವನು ಆಂಪ್ಲಿಫೈಯರ್ ಪಕ್ಕದಿಂದ ವಯರು ಬಿಡುತ್ತಾ ಹೋದ. ಚಂದ್ರಶೇಖರಯ್ಯನವರ ಕಡೆಯ ಒಬ್ಬರು ಓಡಿಬಂದು, "ರಂಗಣ್ಣ, ಆಫ್ ಮಾಡ್ರೀ!" ಎಂದರು. "ಸ್ವಿಚ್ಚು ಸುಡ್ತಾ ಇದೆ ಸಾರ್, ಆರ್ಲಿ ತಡೀರಿ," ಎಂದು ನಮ್ಮ ಅಣ್ಣ ಇನ್ನೊಂದು ಸುತ್ತು ವಯರು ಬಿಟ್ಟ.

ಸರೋಜಮ್ಮನ ಬಾಯಿಯ ಮುಂದೆ ಮೈಕು ಹಿಡಿದೆ. ಅವರು ಕೈ ಚಾಚಲಿಲ್ಲ, ನಾನೇ ಹಿಡಿದುಕೊಂಡೆ.

"ನಂಗೆ ಮಾತಾಡಕ್ ಬರಲ್ಲ," ಎಂದರು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. "ಇಷ್ಟ್ ದಿವ್ಸ ನಿಮ್ ಬಾಗ್ಲಿಗೆಲ್ಲಾ ಬಂದು ನಂಗೆ ಒತ್ಬೇಡಿ ಅಂದಿದ್ದೆ. ಆ ಮಾತನ್ನ ವಾಪಸ್ ತಗೋತೀನಿ."

ನಾನು ಕೇಳಿದ ಚುನಾವಣಾ ಭಾಷಣಗಳಲ್ಲಿ ಅದಕ್ಕಿಂತ ಚಿಕ್ಕದು ಇಲ್ಲ. ಮಳಿಗೆಯವರು ಕುರ್ಚಿ ಬಡಿದು ಎದ್ದು ನಿಂತರು. ನಾಮಪತ್ರ ವಾಪಸಿಗೆ ತಡವಾಯಿತೆಂದು ಯಾರು ಯಾರು ಬೈದುಕೊಂಡಿದ್ದರೋ ಅವರೇ ಈಗ ರಾಹುಕಾಲಕ್ಕೆ ಕೈ ಮುಗಿದರು.

ಬುಧವಾರ ಬೆಳಿಗ್ಗೆ ನೋಡಿದರೆ ಸರೋಜಮ್ಮನ ಕಡೆ ಏನೂ ಇಲ್ಲ. ಬೀದಿಯ ಫ್ಲೆಕ್ಸುಗಳಲ್ಲೆಲ್ಲ ಚಂದ್ರಶೇಖರಯ್ಯನವರ ಮುಖ. ಮುಖಂಡರೆನಿಸಿಕೊಂಡವರು ತಕ್ಕಡಿಯ ಕಡೆಗೆ ಹೋಗಿದ್ದರು. ನಾವು ಬಾಡಿಗೆಗೆ ಬಂದವರು, ಬಾಡಿಗೆ ಕೊಡುವವರು ಹಿಂದೆ ಸರಿದ ಮೇಲೆ ನಮ್ಮ ಕೆಲಸವೂ ಮುಗಿದಂತೆ. ನಾನು ರಂಗಣ್ಣನ ಮುಖ ನೋಡಿದೆ. ಅವನು ಹಾರ್ನು ಒರೆಸುತ್ತ, "ಹೇಳಿದ್ ಬಾಯಲ್ಲೇ ತಿದ್ಬೇಕು ಕಣೇ. ಹತ್ತು ಆಟೋನ," ಎಂದ. ಆ ಕ್ಷಣಕ್ಕೆ ಅವನ ಮೇಲೆ ಬಂದ ಪ್ರೀತಿಯನ್ನು ಅವನಿಗೆ ನಾನು ಯಾವತ್ತೂ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ, ಓದಲಿ.

ಮಾರುಕಟ್ಟೆಗೆ ಹೋದರೆ ಎದುರಿನ ಆಟೋದಿಂದ ನನ್ನದೇ ದನಿ ಬರುತ್ತಿದೆ! ಹಳೆಯ ಪೆನ್‌ಡ್ರೈವ್ ಕೆಂಪರಾಜು ಕಡೆಯವರ ಕೈಗೆ ಸಿಕ್ಕಿತ್ತು. ಅವರಿಗೆ ಹೊಸದಾಗಿ ಏನೂ ರೆಕಾರ್ಡ್ ಮಾಡಿಸುವ ಅಗತ್ಯವೇ ಇರಲಿಲ್ಲ. ಹೊಲಿಗೆ ಯಂತ್ರಕ್ಕೆ ಒತ್ತಬೇಡಿ ಎಂದು ನಾನೇ ಇಂಪಾಗಿ ಹೇಳಿಟ್ಟಿದ್ದೆನಲ್ಲ. ಕೊಡೆಗೆ ಬಿದ್ದ ಮತ ಹೇಗೂ ವ್ಯರ್ಥ, ಅದೂ ಅವರಿಗೆ ಲಾಭವೇ. ಜನ ತಬ್ಬಿಬ್ಬಾದರು. ಕಡಲೆಕಾಯಿ ಮಾರುವವನೊಬ್ಬ, "ಅಕ್ಕ, ನೀವು ಯಾವ್ ಕಡೆ?" ಎಂದು ನೇರವಾಗಿ ಕೇಳಿದ. ಆ ಪ್ರಶ್ನೆಯಷ್ಟು ನೋಯಿಸಿದ್ದು ನನಗೆ ಇನ್ನೊಂದಿಲ್ಲ. ಎಷ್ಟೋ ವರ್ಷ ಕಾಪಾಡಿಕೊಂಡು ಬಂದ ನಂಬಿಕೆ ಆ ಬೀದಿಯಲ್ಲಿ ಕರಗುತ್ತಿತ್ತು.

"ನಮ್ ಆಟೋನ ಆ ಆಟೋ ಪಕ್ಕಕ್ಕೇ ನಿಲ್ಸು," ಎಂದೆ ಅಣ್ಣನಿಗೆ.

ಆ ರೆಕಾರ್ಡಿನಲ್ಲಿ ಎಲ್ಲೆಲ್ಲಿ ಬಿಡುವು ಕೊಟ್ಟಿದ್ದೇನೆ, ಎಷ್ಟೆಷ್ಟು ಕೊಟ್ಟಿದ್ದೇನೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೋಡೆಗೆಂದು ಬಿಟ್ಟ ಜಾಗದಲ್ಲಿ ನಾನು ಸೇರಿಕೊಂಡೆ.

"ಹೊಲಿಗೆ ಯಂತ್ರಕ್ಕೆ ಒತ್ತಬೇಡಿ," ಎಂದಿತು ಪೆನ್‌ಡ್ರೈವ್.

"ಅಂತ ಹೋದ ವಾರ ಹೇಳಿದ್ದೆ. ಈಗ ಅದಕ್ಕೇ ಒತ್ತಿ ಅಂತ ಹೇಳೋಕೆ ಬಂದಿದ್ದೀನಿ," ಎಂದೆ ನಾನು.

"ಕೊಡೆಗೇ ಒತ್ತಿ," ಎಂದಿತು.

"ಕೊಡೆಯವರು ಕೊಡೆ ಮಡಚಿಕೊಂಡು ಮನೆಗೆ ಹೋದರು," ಎಂದೆ.

ಪೆನ್‌ಡ್ರೈವ್ ಪಾಪ ಏನು ಮಾಡೀತು, ಮತ್ತೆ ಮೊದಲಿಂದ ಶುರು ಮಾಡಿತು. ನಾನೂ ಮಾಡಿದೆ. ಒಂದು ಅಕ್ಷರವೂ ಒಂದರ ಮೇಲೊಂದು ಬೀಳಲಿಲ್ಲ. ಅಂಗಡಿಯವರು ಗಿರಾಕಿಗಳನ್ನು ಬಿಟ್ಟು ಬೀದಿಗೆ ಬಂದು ನಿಂತರು. ಮೂರನೆಯ ಸುತ್ತಿಗೆ ಆ ಆಟೋದ ಚಾಲಕನೇ ನಗು ತಡೆಯಲಾರದೆ ಹ್ಯಾಂಡಲ್ಲಿಗೆ ತಲೆಯಿಟ್ಟ. ಆಮೇಲೆ ಆ ಆಟೋ ನಮ್ಮ ಬೀದಿಗೆ ಬರಲಿಲ್ಲ. ಇವತ್ತಿಗೂ ಯಾರಾದರೂ ರೆಕಾರ್ಡ್ ಸಾಕಲ್ಲ ಆಂಟಿ ಎಂದರೆ ನಾನು ಈ ಕಥೆಯನ್ನೇ ಹೇಳುವುದು.

ಇಷ್ಟಾದರೂ ಗೆಲ್ಲುವ ಧೈರ್ಯ ಇರಲಿಲ್ಲ. ಮಳಿಗೆಯವರ ಮತ ಅಷ್ಟಿಷ್ಟು. ದೊಡ್ಡ ಅಂಗಡಿಯವರು ಕೆಂಪರಾಜು ಜೊತೆಗಿದ್ದರು. ದಾರಿ ತೋರಿಸಿದ್ದು ಸರೋಜಮ್ಮ.

"ಅಕ್ಕ, ಅಂಗ್ಡಿ ಬೀದೀಲಿ ಎಷ್ಟ್ ಕೂಗಿದ್ರೂ ಅಷ್ಟೇ. ಅರ್ಧಕ್ಕರ್ಧ ಅಂಗ್ಡಿ ಇರೋದೇ ಹೆಂಗಸ್ರ ಹೆಸ್ರಲ್ಲಿ. ಅಳತೆ ಕೊಡಕ್ ಬಂದಾಗ ಅವ್ರೇ ಹೇಳ್ತಾರೆ. ವೋಟು ಅವ್ರದ್ದೇ, ಆದ್ರೆ ಯಾವತ್ತೂ ಬಂದಿಲ್ಲ, ಬಾ ಅಂತ ಯಾರೂ ಕರ್ದೂ ಇಲ್ಲ."

ಅದು ನಿಜ. ಹೆಂಡತಿಯ ಕಾಲ್ಗುಣ ಒಳ್ಳೆಯದೆಂದು ಅಂಗಡಿಯನ್ನು ಅವಳ ಹೆಸರಲ್ಲಿ ಮಾಡುವುದು ನಮ್ಮ ಮಾರುಕಟ್ಟೆಯಲ್ಲಿ ಹಳೆಯ ರೂಢಿ. ಸಂಘದ ಸದಸ್ಯತ್ವವೂ ಅವಳದೇ. ಮತದಾನಕ್ಕೆ ಸದಸ್ಯರೇ ಖುದ್ದು ಬರಬೇಕು. ಅಂಗಡಿ ನಡೆಸುವ ಗಂಡಸರ ಹತ್ತಿರ ಮಾತಾಡಿಕೊಂಡರೆ ಚುನಾವಣೆ ಮುಗಿಯಿತೆಂದು ಎರಡೂ ಕಡೆಯವರು ಅಂದುಕೊಂಡಿದ್ದರು, ನಾವೂ ಸೇರಿ.

ಅವತ್ತೇ ಪ್ರಚಾರದ ದಿಕ್ಕು ತಿರುಗಿತು. ಸಂಜೆಯ ಮಾರುಕಟ್ಟೆ ಬಿಟ್ಟು ಮಧ್ಯಾಹ್ನ ಮನೆಗಳ ಬೀದಿಗೆ ಹೋದೆವು. ಅಂಗಡಿಯವರ ಮನೆಗಳಿರುವ ಹೆಗ್ಗನಹಳ್ಳಿಯ ಅಡ್ಡರಸ್ತೆಗಳು, ಶ್ರೀಗಂಧದ ಕಾವಲ್, ವಿಜಯನಗರದ ಹಿಂಬದಿ. ಪಾತ್ರೆ ತೊಳೆದು ಮುಗಿದು, ಮಕ್ಕಳು ಶಾಲೆಯಿಂದ ಬರುವ ಮುಂಚಿನ ಹೊತ್ತು. ವರ್ತಕ ಬಾಂಧವರೇ ಎನ್ನುವುದನ್ನು ಬಿಟ್ಟೆ. ದನಿ ತಗ್ಗಿಸಿ, ಪಕ್ಕದ ಮನೆಯವಳು ಕಾಂಪೌಂಡಿನಾಚೆಯಿಂದ ಮಾತಾಡುವ ಹಾಗೆ ಹೇಳಿದೆ: "ಅಂಗಡಿ ನಿಮ್ಮ ಹೆಸರಲ್ಲಿದೆ. ವೋಟೂ ನಿಮ್ಮದೇ. ಭಾನುವಾರ ನೀವೇ ಬನ್ನಿ." ಮೂರು ಸಲ, ಬಿಡುವು ಕೊಟ್ಟು. ಒಂದೊಂದೇ ಗೇಟು ಕಿರ್ ಎಂದು ತೆರೆಯುತ್ತಿತ್ತು. ಸರೋಜಮ್ಮ ಇಳಿದು ಹೋಗಿ ಮಾತಾಡುತ್ತಿದ್ದರು. ಅವರಿಗೆ ಪರಿಚಯ ಹೇಳಿಕೊಳ್ಳುವ ಕಷ್ಟವಿರಲಿಲ್ಲ, ಎಲ್ಲರ ಅಳತೆಯೂ ಅವರಿಗೆ ಬಾಯಿಪಾಠ.

ಶ್ರೀಗಂಧದ ಕಾವಲ್‌ನಲ್ಲಿ ಒಂದು ಗೇಟಿನ ಹತ್ತಿರ ಸರೋಜಮ್ಮ ಹಿಂದಕ್ಕೆ ಸರಿದರು. ಅದು ಚಂದ್ರಶೇಖರಯ್ಯನವರ ಮನೆ. ಅವರ ಪೇಂಟಿನ ಅಂಗಡಿ ಇನ್ನೊಂದಿತ್ತು, ಅದು ಹೆಂಡತಿ ಶಾರದಮ್ಮನವರ ಹೆಸರಲ್ಲಿ. ಶಾರದಮ್ಮ ಗೇಟಿನಲ್ಲೇ ನಿಂತು ನನ್ನ ಮಾತನ್ನು ಮೂರು ಸಲವೂ ಕೇಳಿದರು. ಆಮೇಲೆ ಸರೋಜಮ್ಮನನ್ನು ಕರೆದರು.

"ಏನ್ ಸರೋಜ, ನನ್ ಬ್ಲೌಸ್ ಏನಾಯ್ತು?"

"ಇದ್ರಲ್ಲೇ ಮರ್ತೋಯ್ತಮ್ಮ. ಭಾನ್ವಾರ ಆದ್ಮೇಲೆ ಮನೇಗೇ ತಂದ್ಕೊಡ್ತೀನಿ."

"ಬೇಡ ಬಿಡು. ಭಾನ್ವಾರ ನಾನೇ ಬರ್ತೀನಿ ಅಲ್ಲಿಗೆ," ಎಂದು ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಮಾಮೂಲಿ ಗಂಡಸರ ಸಾಲು. ಕೆಂಪರಾಜು ನಗುನಗುತ್ತ ಎಲ್ಲರ ಕೈ ಕುಲುಕುತ್ತಿದ್ದರು. ತಿಂಡಿ ಹೊತ್ತು ಕಳೆದ ಮೇಲೆ ಹೆಂಗಸರು ಬರತೊಡಗಿದರು. ಬಸ್ಸಿಳಿದು ಬಂದವರು, ಮೆಟ್ರೋ ಇಳಿದು ಬಂದವರು, ಮಗನ ಸ್ಕೂಟರಿನಲ್ಲಿ ಬಂದವರು. ಹೊಸ ಸೀರೆ, ಕೈಯಲ್ಲಿ ಗುರುತಿನ ಚೀಟಿ. ಎಷ್ಟೋ ಜನಕ್ಕೆ ಅದು ಸಂಘದ ಮೆಟ್ಟಿಲು ಹತ್ತಿದ ಮೊದಲ ದಿನ. ಗೇಟಿನಲ್ಲಿ ಚಂದ್ರಶೇಖರಯ್ಯ ನಿಂತಿದ್ದರು. ಶಾರದಮ್ಮ ಆಟೋದಿಂದ ಇಳಿದದ್ದನ್ನು ಕಂಡು ಅವರ ಮುಖ ಬಿಳಿಚಿತು.

"ನೀನ್ಯಾಕೆ ಬಂದೆ ಈ ಬಿಸ್ಲಲ್ಲಿ?"

"ಅಂಗ್ಡಿ ನನ್ ಹೆಸ್ರಲ್ಲಿದ್ಯಲ್ಲಾರೀ," ಎಂದು ಶಾರದಮ್ಮ ಸಾಲಿನಲ್ಲಿ ನಿಂತರು.

ರಾಹುಕಾಲವೇನೂ ಇರಲಿಲ್ಲ, ಚಂದ್ರಶೇಖರಯ್ಯ ಬೇರೆ ಏನು ಹೇಳಿ ತಡೆಯಬಲ್ಲರು? ಸರೋಜಮ್ಮ ಇದನ್ನು ನೋಡಲಿಲ್ಲ. ಅವರು ಒಳಗೆ ತಮ್ಮ ಮಳಿಗೆಯ ಶಟರಿಗೆ ಒರಗಿಕೊಂಡು ನೆಲ ನೋಡುತ್ತ ಕೂತಿದ್ದರು. ಗೆಲ್ಲದಿದ್ದರೆ ಆ ಶಟರನ್ನು ಇನ್ನೆಷ್ಟು ಸಲ ಎತ್ತುತ್ತೇನೋ ಎಂದು ಅವರ ಚಿಂತೆ. ಹೋಗಿ ಪಕ್ಕದಲ್ಲಿ ಕೂತೆ. ಇಬ್ಬರೂ ಒಂದೇ ಲೋಟದಲ್ಲಿ ಕಾಫಿ ಕುಡಿದೆವು.

ಎಣಿಕೆ ಸಂಜೆಗೇ ಮುಗಿಯಿತು. ಅಧಿಕಾರಿ ನನ್ನನ್ನು ಕರೆದು ಫಲಿತಾಂಶ ನೀವೇ ಹೇಳಿಬಿಡಿ, ನಿಮ್ಮ ದನಿ ಬೀದಿ ಕೊನೆವರೆಗೂ ಹೋಗುತ್ತದೆ ಎಂದರು. ದೊಡ್ಡ ಅಂತರವೇನಲ್ಲ, ಆದರೆ ಗೆಲುವು ಗೆಲುವೇ. ಹಿಂದೆ ಮುಂದೆ ಯಾವ ಬಿರುದೂ ಸೇರಿಸದೆ, "ಅಧ್ಯಕ್ಷರಾಗಿ ಆಯ್ಕೆಯಾದವರು, ಹೊಲಿಗೆ ಯಂತ್ರದ ಗುರುತಿನ ಸರೋಜಮ್ಮ" ಎಂದೆ. ಎರಡನೆಯ ಸಲ ಹೇಳಲು ಜನ ಬಿಡಲಿಲ್ಲ. ಗಂಗಮ್ಮ ಬುಟ್ಟಿಯ ಸೇವಂತಿಗೆಯನ್ನೆಲ್ಲ ಅವರ ಮೇಲೆ ಸುರಿದುಬಿಟ್ಟರು.

ಕೆಂಪರಾಜು ಬಂದು ಕೈ ಕುಲುಕಿ ಹೋದರು, ಅದು ಅವರ ದೊಡ್ಡತನ. ಜನ ಭಾಷಣ, ಭಾಷಣ ಎಂದು ಕೂಗಿದರು. ನಾನು ಮೈಕು ಹಿಡಿಯಲು ಹೋದರೆ ಈ ಸಲ ಸರೋಜಮ್ಮ ತಾವೇ ಕೈಗೆ ತೆಗೆದುಕೊಂಡರು. ಮಳಿಗೆಯವರೆಲ್ಲ ಒಂದು ಕಡೆ ಗುಂಪಾಗಿ ನಿಂತಿದ್ದರು. ಅವರ ಕಡೆ ತಿರುಗಿ ಹೇಳಿದರು:

"ನಾಳೆ ಎಲ್ಲಾರೂ ಅಂಗ್ಡಿ ತೆಗೀರಿ."

ಅಷ್ಟೇ ಹೇಳಿ ಮೈಕನ್ನು ನನಗೆ ಕೊಟ್ಟರು. ಬಿಡುವು ಕೊಟ್ಟೆ. ಗೋಡೆ ಆ ಮಾತನ್ನು ಹೇಳಿ ಮುಗಿಸಿತು. ಹಿಂದೆ ನಿಂತವರಿಗೂ ಕೇಳಬೇಕಲ್ಲ, ಎರಡನೆಯ ಸಲ ನಾನು ಹೇಳಿದೆ: "ನಾಳೆ ಎಲ್ಲರೂ ಅಂಗಡಿ ತೆಗೆಯಿರಿ." ಜನ ತಿರುಗಿ ನೋಡಿದರು. ಮೂರನೆಯ ಸಲ ಹೇಳಲು ಬಾಯಿ ತೆರೆದೆ, ದನಿ ಬರಲಿಲ್ಲ. ರಂಗಣ್ಣ ಆಂಪ್ಲಿಫೈಯರಿನ ಹತ್ತಿರದಿಂದ ವಯರು ಸಡಿಲಾಯಿತೇನೋ ಎಂದು ಗಾಬರಿಯಿಂದ ನೋಡಿದ.

ನಾನು ಮೈಕನ್ನು ಮಳಿಗೆಯವರ ಕಡೆಗೆ ತಿರುಗಿಸಿ ಹಿಡಿದೆ. ಮೂರನೆ ಸಲ ಅವರೇ ಹೇಳಿದರು.